ಮೂವತ್ತು ದಿನದ ಕರಾರು: ನ್ಯೂಕ್ಯಾಸಲ್‌ನ ಹಂಟರ್ ಸ್ಟ್ರೀಟ್ ಮತ್ತೆ ಬಾಗಿಲು ತೆರೆದದ್ದು

2008ರಲ್ಲಿ ಕಲಾ ಉತ್ಸವಗಳ ಸಂಘಟಕ ಮಾರ್ಕಸ್ ವೆಸ್ಟ್‌ಬರಿ ತಮ್ಮ ಹುಟ್ಟೂರಾದ ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಸಣ್ಣದೊಂದು ಉದ್ಯಮಕ್ಕೆ ಜಾಗ ಹುಡುಕುತ್ತಿದ್ದರು. ಊರಿನ ಮುಖ್ಯ ಪೇಟೆಬೀದಿಯಾದ ಹಂಟರ್ ಸ್ಟ್ರೀಟ್‌ನಲ್ಲಿ ಎಲ್ಲಿ ನೋಡಿದರೂ ‘ಬಾಡಿಗೆಗಿದೆ’ ಎಂಬ ಬೋರ್ಡು. ವಿಚಾರಿಸಿದರೆ ಮಾತ್ರ ಏಜೆಂಟರಿಂದ ಸರಿಯಾದ ಉತ್ತರವೇ ಇಲ್ಲ. ಆಮೇಲೆ ಅವರು ಬೀದಿಯುದ್ದಕ್ಕೂ ನಡೆದು ಖಾಲಿ ಬಿದ್ದ ಕಟ್ಟಡಗಳನ್ನು ಎಣಿಸಿದರು. ಲೆಕ್ಕ ಸುಮಾರು 150ಕ್ಕೆ ಬಂತು. ಜಾಗ ಅಷ್ಟೊಂದು ಇದೆ, ಜಾಗ ಬೇಕೆನ್ನುವವರೂ ಇದ್ದಾರೆ, ಆದರೂ ಶಟರ್ ಮೇಲೇಳುತ್ತಿಲ್ಲ. ಇದು ಯಾಕೆ ಹೀಗೆ ಎಂದು ಅವರು ಬೆನ್ನು ಹತ್ತಿ ಹೋದರು. ಸೊರಗಿದ ಪೇಟೆಬೀದಿಗಳ ಬಗ್ಗೆ ಯೋಚಿಸುವ ಯಾರೇ ಆದರೂ ಅದರಿಂದ ಹುಟ್ಟಿದ ಪ್ರಯೋಗವನ್ನು ಒಮ್ಮೆ ಕೂಲಂಕಷವಾಗಿ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಬೀದಿಯನ್ನು ಮತ್ತೆ ಎಬ್ಬಿಸಬೇಕು ಎಂದಾಗ ನಮ್ಮಲ್ಲಿ ಮೊದಲು ನೆನಪಾಗುವುದು ಕಲ್ಲುಹಾಸು, ದೀಪದ ಕಂಬ, ಹೊಸ ಫುಟ್‌ಪಾತ್, ಅದಕ್ಕೊಂದು ಅಂದಾಜುಪಟ್ಟಿ. ಹಂಟರ್ ಸ್ಟ್ರೀಟ್‌ನ ಮೊದಲ ಚೇತರಿಕೆಗೆ ಇದ್ಯಾವುದೂ ಬೇಕಾಗಲಿಲ್ಲ. ಅಲ್ಲಿ ಬದಲಾದದ್ದು ಮಾಲೀಕನಿಗೂ ಅಂಗಡಿ ಇಡುವವನಿಗೂ ನಡುವಿನ ಕರಾರಿನ ಕಾಗದ.

ಹಡಗುಗಳ ಸಾಲು, ಖಾಲಿ ಅಂಗಡಿಗಳ ಸಾಲು

ನ್ಯೂಕ್ಯಾಸಲ್ ಇರುವುದು ಸಿಡ್ನಿಯಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಹಂಟರ್ ನದಿ ಸಮುದ್ರ ಸೇರುವ ಕಡೆ. ಕಲ್ಲಿದ್ದಲಿನ ಊರು, ಜಗತ್ತಿನಲ್ಲಿ ಅತಿ ಹೆಚ್ಚು ಕಲ್ಲಿದ್ದಲು ಹೊರಹೋಗುವ ಬಂದರುಗಳಲ್ಲಿ ಇದೂ ಒಂದು. ಸುಮಾರು ಮೂರು ಕಿಲೋಮೀಟರ್ ಉದ್ದದ ಹಂಟರ್ ಸ್ಟ್ರೀಟ್ ಊರಿನ ಬೆನ್ನೆಲುಬು. ಒಳ್ಳೆಯ ದಿನಗಳಲ್ಲಿ ಅಲ್ಲಿ ಸ್ಕಾಟ್ಸ್, ವಿನ್ಸ್‌ನಂಥ ದೊಡ್ಡ ಮಳಿಗೆಗಳಿದ್ದವು. ಊರಿನ ದುಡಿಯುವ ಜನರ ಸಹಕಾರ ಸಂಘ ನಡೆಸುತ್ತಿದ್ದ ‘ದಿ ಸ್ಟೋರ್’ ಇತ್ತು. ಹಬ್ಬಕ್ಕೆ ಬಟ್ಟೆ, ಮದುವೆಗೆ ಪಾತ್ರೆಪಡಗ, ಮಕ್ಕಳಿಗೆ ಶಾಲೆಯ ಷೂ, ಎಲ್ಲಕ್ಕೂ ಜನ ಅಲ್ಲಿಗೇ ಬರಬೇಕಿತ್ತು.

ಆ ಬೀದಿ ಸೊರಗಿದ್ದಕ್ಕೆ ಎಲ್ಲರೂ ಎರಡು ಕಾರಣ ಹೇಳುತ್ತಾರೆ. 1989ರ ಡಿಸೆಂಬರ್ 28ರಂದು 5.6 ತೀವ್ರತೆಯ ಭೂಕಂಪವಾಯಿತು. 13 ಜನ ಸತ್ತರು, ನಡುಪೇಟೆಯ ಎಷ್ಟೋ ಕಟ್ಟಡಗಳು ಬಿರುಕುಬಿಟ್ಟವು, ಕೆಲವನ್ನು ಕೆಡವಬೇಕಾಯಿತು. ಹತ್ತು ವರ್ಷದ ಬಳಿಕ, 1999ರಲ್ಲಿ, 1915ರಿಂದ ಊರಿಗೆ ಅನ್ನ ಕೊಟ್ಟಿದ್ದ ಬಿಎಚ್‌ಪಿ ಉಕ್ಕಿನ ಕಾರ್ಖಾನೆ ಮುಚ್ಚಿತು. ಒಂದು ಕಾರ್ಖಾನೆಯ ಸೈರನ್ನಿಗೆ ಇಡೀ ಊರು ಏಳುವುದು, ಮಲಗುವುದು ಅಂದರೇನು, ಅದು ನಿಂತರೆ ಏನಾಗುತ್ತದೆ ಎನ್ನುವುದನ್ನು ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಕಾರ್ಖಾನೆ ಮುಚ್ಚಿದ್ದರಿಂದಲೇ ಬೀದಿ ಸತ್ತಿತು ಎನ್ನುವ ವಿವರಣೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ‘ದಿ ಸ್ಟೋರ್’ ಬಾಗಿಲು ಹಾಕಿದ್ದು 1981ರಲ್ಲಿ, ಕಾರ್ಖಾನೆಗಿಂತ 18 ವರ್ಷ ಮುಂಚೆ. ಅಷ್ಟರಲ್ಲಾಗಲೇ ಜನ ಹೊರವಲಯದ ಬಡಾವಣೆಗಳಿಗೆ ಹೋಗಿ ನೆಲೆಸಿದ್ದರು. ಚಾರ್ಲ್ಸ್‌ಟೌನ್, ಕೊಟಾರ ಕಡೆ ದೊಡ್ಡ ಮಾಲ್‌ಗಳು ಬಂದಿದ್ದವು, ಅಲ್ಲಿ ಕಾರು ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು. ಊರಿನಲ್ಲಿ ದುಡ್ಡಿರಲಿಲ್ಲ ಎನ್ನಲೂ ಆಗದು. 2007ರ ಜೂನ್‌ನಲ್ಲಿ ‘ಪಾಶಾ ಬಲ್ಕರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ನೊಬ್ಬಿಸ್ ಕಡಲತೀರದ ಮರಳಿನಲ್ಲಿ ಹೂತು ನಿಂತಿತು. ಅದರ ಚಿತ್ರ ಲೋಕವೆಲ್ಲ ಸುತ್ತಿತು. ಆ ಹಡಗು ಅಲ್ಲಿಗೆ ಬಂದದ್ದು ಕಲ್ಲಿದ್ದಲು ತುಂಬಿಸಿಕೊಳ್ಳಲು. ಅದರಂತೆ ಇನ್ನೂ ಹತ್ತಾರು ಹಡಗುಗಳು ಸರದಿ ಕಾಯುತ್ತ ಸಮುದ್ರದಲ್ಲಿ ನಿಂತಿದ್ದವು. ಅಂದರೆ ಬಂದರಿನಲ್ಲಿ ವ್ಯಾಪಾರಕ್ಕೆ ಬಿಡುವಿಲ್ಲದ ಹೊತ್ತಿನಲ್ಲೇ, ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ಬೀದಿಯಲ್ಲಿ ಗಾಜುಗಳಿಗೆ ಹಲಗೆ ಬಡಿದಿದ್ದರು.

ಇನ್ನೊಂದು ಸಂಗತಿ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಹಂಟರ್ ಸ್ಟ್ರೀಟ್‌ನ ಪೂರ್ವ ತುದಿಯಲ್ಲಿ ‘ಹಂಟರ್ ಸ್ಟ್ರೀಟ್ ಮಾಲ್’ ಎಂದು ಕರೆಯುವ ಭಾಗವಿದೆ. ಹೆಸರಿಗೆ ಮಾಲ್ ಆದರೂ ಅದು ಬೀದಿಯೇ. ನಡೆಯುವವರಿಗೆಂದು ಬಿಟ್ಟುಕೊಟ್ಟ ತುಂಡು. ಅಲ್ಲಿನ ಬಹಳಷ್ಟು ಕಟ್ಟಡಗಳು ಜಿಪಿಟಿ ಎಂಬ ದೊಡ್ಡ ರಿಯಲ್ ಎಸ್ಟೇಟ್ ಕಂಪನಿಯ ಕೈಯಲ್ಲಿದ್ದವು. ಎಲ್ಲವನ್ನೂ ಒಟ್ಟುಗೂಡಿಸಿ ಹೊಸದಾಗಿ ಕಟ್ಟುವುದು ಅದರ ಯೋಜನೆ. ಹೊರವಲಯದ ಚಾರ್ಲ್ಸ್‌ಟೌನ್ ಸ್ಕ್ವೇರ್ ಮಾಲ್ ಕೂಡ ಅದೇ ಕಂಪನಿಯದು. ಬೀದಿಯ ಗಿರಾಕಿ ಎಲ್ಲಿಗೆ ಹೋದನೋ ಆ ಜಾಗದ ಮಾಲೀಕರೇ ಬೀದಿಯ ಮಾಲೀಕರೂ ಆಗಿದ್ದರು. ಅವರು ಕಾಯಬಲ್ಲವರಾಗಿದ್ದರು. ಬೀದಿಗೆ ಆ ಅನುಕೂಲ ಇರಲಿಲ್ಲ.

ಖಾಲಿ ಇಟ್ಟವನ ಲೆಕ್ಕ

ಬೀಗ ಹಾಕಿದ ಅಂಗಡಿ ನೋಡಿದಾಗ ದಾರಿಹೋಕರಿಗೆ ಬರುವ ಮೊದಲ ಪ್ರಶ್ನೆ: ಕಡಿಮೆ ಬಾಡಿಗೆಗಾದರೂ ಕೊಡಬಾರದೇ? ಸೊನ್ನೆಗಿಂತ ನೂರು ರೂಪಾಯಿ ವಾಸಿಯಲ್ಲವೇ? ಮಾಲೀಕನ ಲೆಕ್ಕ ಬೇರೆ. ವಾಣಿಜ್ಯ ಕಟ್ಟಡದ ಬೆಲೆಯನ್ನು ಸಾಮಾನ್ಯವಾಗಿ ಅದು ತರಬಹುದಾದ ಬಾಡಿಗೆಯಿಂದ ಕಟ್ಟುತ್ತಾರೆ. ಖಾಲಿ ಇದ್ದಷ್ಟು ದಿನ ‘ಈ ಜಾಗಕ್ಕೆ ಇಷ್ಟು ಬಾಡಿಗೆ ಬರುತ್ತದೆ’ ಎಂದು ಕಾಗದದ ಮೇಲೆ ಹೇಳಿಕೊಳ್ಳಬಹುದು. ಮೂರನೇ ಒಂದು ಪಾಲಿಗೆ ಕರಾರು ಬರೆದುಕೊಟ್ಟ ಕ್ಷಣ ಕಟ್ಟಡದ ಬೆಲೆಯೂ ಕಾಗದದ ಮೇಲೆ ಇಳಿಯುತ್ತದೆ, ಅದನ್ನು ಅಡವಿಟ್ಟುಕೊಂಡ ಬ್ಯಾಂಕು ಕಣ್ಣು ಕೆಂಪಗೆ ಮಾಡುತ್ತದೆ. ಸಾಲದ್ದಕ್ಕೆ ಖಾಲಿ ಕಟ್ಟಡದ ಖರ್ಚನ್ನು ಬೇರೆ ಆದಾಯದ ಎದುರು ತೋರಿಸಿ ತೆರಿಗೆ ಇಳಿಸಿಕೊಳ್ಳುವ ದಾರಿಯೂ ಆಸ್ಟ್ರೇಲಿಯಾದಲ್ಲಿತ್ತು. ಮುಂದೆ ಕೆಡವಿ ಕಟ್ಟುವ ಯೋಜನೆ ಬೇರೆ ಇದ್ದರೆ, ಒಳಗೆ ಕೂತ ಬಾಡಿಗೆದಾರ ಮಾಲೀಕನಿಗೆ ಬೇಡದ ತಲೆನೋವು.

ಇನ್ನು ಕಾನೂನು. ನ್ಯೂ ಸೌತ್ ವೇಲ್ಸ್ ರಾಜ್ಯದ 1994ರ ಅಂಗಡಿ ಬಾಡಿಗೆ ಕಾಯ್ದೆಯ ಪ್ರಕಾರ ಅಂದು ಅಂಗಡಿಯ ಲೀಸ್ ಕನಿಷ್ಠ ಐದು ವರ್ಷದ್ದಾಗಿರಬೇಕಿತ್ತು; ಬಾಡಿಗೆದಾರ ವಕೀಲರ ಮೂಲಕ ಆ ಹಕ್ಕನ್ನು ಬಿಟ್ಟುಕೊಟ್ಟರೆ ಮಾತ್ರ ವಿನಾಯಿತಿ. ಸಣ್ಣ ವ್ಯಾಪಾರಿಯನ್ನು ಎಬ್ಬಿಸಿ ಓಡಿಸಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಮಾಡಿದ ನಿಯಮ ಅದು. 2017ರಲ್ಲಿ ಅದನ್ನು ಕೈಬಿಟ್ಟರು. ನೆಲೆ ನಿಂತ ವ್ಯಾಪಾರಿಗೆ ಆ ಐದು ವರ್ಷ ರಕ್ಷಣೆ. ಆದರೆ ಕೈಯಾರೆ ಬೆಳ್ಳಿಯ ಓಲೆ ಮಾಡುವ ಹುಡುಗಿಯೊಬ್ಬಳು ‘ನನ್ನ ಒಡವೆಗೆ ಗಿರಾಕಿ ಇದ್ದಾರೋ ಇಲ್ಲವೋ ನೋಡೋಣ’ ಎಂದು ಹೊರಟರೆ ಅವಳಿಗೆ ಐದು ವರ್ಷದ ಹೊಣೆ ಹೊರುವುದು ಹೇಗೆ? ಬೆಂಗಳೂರಿನಲ್ಲಿ ಇದೇ ಹುಡುಗಿಯ ಎದುರು ಹತ್ತು ತಿಂಗಳ ಅಡ್ವಾನ್ಸ್ ನಿಲ್ಲುತ್ತದೆ. ಹೆಸರು ಬೇರೆಯಾದರೂ ಬಾಗಿಲಲ್ಲೇ ತಡೆಯುವ ಕೆಲಸ ಅದೇ.

ಇದರ ಮೇಲೆ ವಿಮೆ, ಕಟ್ಟಡದ ಬಳಕೆ ಬದಲಿಸಲು ನಗರಸಭೆಯ ಅನುಮತಿ, ಶೌಚಾಲಯ, ಅಗ್ನಿಸುರಕ್ಷತೆ. ಒಂದೊಂದೂ ಬಿಡಿಯಾಗಿ ನ್ಯಾಯವಾದದ್ದೇ. ಒಟ್ಟು ಸೇರಿದಾಗ ದೊಡ್ಡ ಬಂಡವಾಳವಿಲ್ಲದವನು ಬೀದಿಗೆ ಕಾಲಿಡದಂತೆ ಆಗಿತ್ತು. ಕಟ್ಟಡಗಳನ್ನು ಯಂತ್ರಾಂಶ ಎಂದೂ ಈ ನಿಯಮ, ಕರಾರು, ರೂಢಿಗಳನ್ನು ತಂತ್ರಾಂಶ ಎಂದೂ ವೆಸ್ಟ್‌ಬರಿ ಕರೆದರು. ಯಂತ್ರಾಂಶ ಬದಲಿಸಲು ಕೋಟಿಗಟ್ಟಲೆ ಹಣ, ಹತ್ತಾರು ವರ್ಷ ಬೇಕು. ತಂತ್ರಾಂಶವನ್ನು ಈಗಿಂದೀಗಲೇ ತಿದ್ದಬಹುದು ಎನ್ನುವುದು ಅವರ ವಾದ.

ಲೀಸ್ ಅಲ್ಲ, ಲೈಸೆನ್ಸ್

2008ರ ಕೊನೆಗೆ ‘ರಿನ್ಯೂ ನ್ಯೂಕ್ಯಾಸಲ್’ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಅದು ಯಾವ ಕಟ್ಟಡವನ್ನೂ ಕೊಳ್ಳಲಿಲ್ಲ, ಯಾರಿಗೂ ಬಂಡವಾಳ ಕೊಡಲಿಲ್ಲ. ವಕೀಲರು ಸಂಭಾವನೆ ಪಡೆಯದೆ ಅದಕ್ಕೊಂದು ಕರಾರು ಬರೆದುಕೊಟ್ಟರು. ಸಂಸ್ಥೆಯ ನಿಜವಾದ ಆಸ್ತಿ ಅದೊಂದೇ.

ಅದರ ಒಳಗಿದ್ದದ್ದು ಇಷ್ಟು. ಮಾಲೀಕ ತನ್ನ ಖಾಲಿ ಜಾಗವನ್ನು ಸಂಸ್ಥೆಗೆ ಬಳಸಲು ಕೊಡುತ್ತಾನೆ, ಬಾಡಿಗೆಯಿಲ್ಲ. ಸಂಸ್ಥೆ ಅದನ್ನು ಒಬ್ಬ ಕಸುಬುದಾರನಿಗೋ ಕಲಾವಿದೆಗೋ ಬಿಟ್ಟುಕೊಡುತ್ತದೆ. ಅವಧಿ 30 ದಿನ, ಮುಗಿದಂತೆ ತಾನಾಗಿ ಮುಂದಿನ 30 ದಿನ. ಮಾಲೀಕನಿಗೆ ಪೂರ್ಣ ಬಾಡಿಗೆ ಕೊಡುವವರು ಸಿಕ್ಕರೆ, ಇಲ್ಲವೇ ಕೆಡವುವ ಕಾಲ ಬಂದರೆ 30 ದಿನದ ನೋಟಿಸು ಸಾಕು, ಜಾಗ ತೆರವಾಗುತ್ತದೆ. ಸಾರ್ವಜನಿಕ ಹೊಣೆಯ ವಿಮೆ ಸಂಸ್ಥೆಯದು. ಜಾಗ ಬಳಸುವವರು ಅಲ್ಪಸ್ವಲ್ಪ ಶುಲ್ಕ ಕೊಟ್ಟು, ಜಾಗವನ್ನು ಚೊಕ್ಕಟವಾಗಿಟ್ಟುಕೊಂಡು, ಹೇಳಿದ ಹೊತ್ತಿಗೆ ಬಾಗಿಲು ತೆರೆದಿರಬೇಕು.

ಕೇಳಲು ಸರಳ. ಆದರೆ ಇದು ಲೀಸ್ ಆಗಿಬಿಟ್ಟರೆ ಮೇಲೆ ಹೇಳಿದ ಕಾನೂನಿನ ಬಲೆಯೆಲ್ಲ ಮತ್ತೆ ಸುತ್ತಿಕೊಳ್ಳುತ್ತದೆ, ಮಾಲೀಕ ಹೆದರಿ ಓಡುತ್ತಾನೆ. ಹಾಗಾಗಿ ಇದು ಲೈಸೆನ್ಸ್ ಆಗಿಯೇ, ಅಂದರೆ ಜಾಗ ಬಳಸುವ ಬರೀ ಅನುಮತಿಯಾಗಿಯೇ ಉಳಿಯಬೇಕಿತ್ತು. ಕಾಗದದ ನೆತ್ತಿಯ ಮೇಲೆ ‘ಲೈಸೆನ್ಸ್’ ಎಂದು ಬರೆದ ಮಾತ್ರಕ್ಕೆ ನ್ಯಾಯಾಲಯ ಒಪ್ಪುವುದಿಲ್ಲ. 1959ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಆ ದೇಶದ ಅತ್ಯುನ್ನತ ನ್ಯಾಯಾಲಯ) ಒಂದು ಮಿಲ್ಕ್ ಬಾರ್‌ನ, ಅಂದರೆ ಹಾಲು-ಪಾನೀಯದ ಸಣ್ಣ ಅಂಗಡಿಯ ಪ್ರಕರಣದಲ್ಲಿ ಇದನ್ನೇ ಹೇಳಿತು: ಜಾಗದ ಮೇಲೆ ಪೂರ್ತಿ ಸ್ವಾಧೀನ ಕೊಟ್ಟಿದ್ದರೆ, ಏನೇ ಹೆಸರಿಟ್ಟರೂ ಅದು ಲೀಸೇ. ಅದೇ 1959ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೆಹಲಿಯ ಇಂಪೀರಿಯಲ್ ಹೋಟೆಲಿನ ಎರಡು ಕೋಣೆಗಳಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದವರ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದೇ ಮಾನದಂಡ ಇಟ್ಟಿತು. ಲೀಸ್ ಏನೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೂ ಲೈಸೆನ್ಸ್ ಏನೆಂದು ಅದೇ ವರ್ಷದ ಈಸ್‌ಮೆಂಟ್ಸ್ ಕಾಯ್ದೆಯಲ್ಲೂ ನಮ್ಮಲ್ಲಿ ವ್ಯಾಖ್ಯಾನವಿದೆ. ಎರಡೂ ದೇಶದ ಕಾನೂನು ಒಂದೇ ಬೇರಿನಿಂದ ಬಂದದ್ದರಿಂದ ನ್ಯೂಕ್ಯಾಸಲ್ ಪ್ರಯೋಗದ ಕಾನೂನು ಭಾಗ ನಮಗೆ ದೂರದ್ದಲ್ಲ. ಒಂದು ವರ್ಷ ಮೀರಿದ ಲೀಸನ್ನು ನೋಂದಾಯಿಸಬೇಕು ಎಂಬ 1908ರ ಕಾಯ್ದೆಯನ್ನು ತಪ್ಪಿಸಿಕೊಳ್ಳಲು ನಾವು ಹನ್ನೊಂದು ತಿಂಗಳ ಅಗ್ರಿಮೆಂಟ್ ಬರೆಯುತ್ತೇವೆ. ಮುಂಬೈ ಕಡೆ ಲೀವ್ ಅಂಡ್ ಲೈಸೆನ್ಸ್ ಬರೆಯುತ್ತಾರೆ. ನಾವು ಅದನ್ನು ಹೆಚ್ಚಾಗಿ ಬಾಡಿಗೆದಾರನನ್ನು ಗಟ್ಟಿಯಾಗಿ ನಿಲ್ಲಗೊಡದಿರಲು ಬಳಸುತ್ತೇವೆ. ನ್ಯೂಕ್ಯಾಸಲ್‌ನಲ್ಲಿ ಅದೇ ಸಲಕರಣೆಯನ್ನು, ಇಲ್ಲದಿದ್ದರೆ ಒಳಗೇ ಬರಲಾಗದವರನ್ನು ಒಳಗೆ ಬಿಟ್ಟುಕೊಳ್ಳಲು ಬಳಸಿದರು.

ಅದಕ್ಕೇ ಆ ಕರಾರಿನಲ್ಲಿ ಪೂರ್ತಿ ಸ್ವಾಧೀನ ಬಿಟ್ಟುಕೊಡಲಿಲ್ಲ. ಬಳಸುವವರಿಗೆ ಸಿಕ್ಕಿದ್ದು ಜಾಗದೊಳಗೆ ಬಂದು ಕೆಲಸ ಮಾಡುವ ಅನುಮತಿ. ಒಳಗೆ ಗೋಡೆ ಒಡೆಯುವ, ಹೊಸದಾಗಿ ಕಟ್ಟುವ ಕೆಲಸ ಬೇಡ. ಕಟ್ಟಡಕ್ಕೆ ಈಗಾಗಲೇ ಇರುವ ಅನುಮತಿಯೊಳಗೆ ಕೂರುವ ಚಟುವಟಿಕೆಯನ್ನೇ ಆರಿಸಬೇಕು. ಅಡುಗೆಮನೆ ಇಡುವ ಹೋಟೆಲಿಗಿಂತ ಹೊಲಿಗೆ, ಚಿತ್ರ, ಒಡವೆ, ಕಿರುಪತ್ರಿಕೆ, ಅನಿಮೇಷನ್‌ಗೆ ದಾರಿ ಸುಲಭವಾಗಿದ್ದು ಇದರಿಂದಲೇ. ಯಾವ ಕಟ್ಟಡ ಬೇಕೆಂದು ಆಸೆಪಡುವ ಬದಲು, ಬಣ್ಣ ಬಳಿದು ಗುಡಿಸಿದರೆ ನಾಳೆಯೇ ತೆರೆಯಬಹುದಾದ ಕಟ್ಟಡ ಯಾವುದು ಎಂದು ಹುಡುಕಿದರು. ಗುಡಿಸಿ ಬಳಿಯಲು ಸ್ವಯಂಸೇವಕರು ಬಂದರು.

ಬೀದಿಗೆ ಬಂದವರು

ಎಲ್ಲೆಲ್ಲೋ ಒಂದೊಂದು ಅಂಗಡಿ ತೆರೆದಿದ್ದರೆ ಈ ಪ್ರಯತ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಅದು ಫಲಿಸಿದ್ದಕ್ಕೆ ಜಿಪಿಟಿ ಒಪ್ಪಿಕೊಂಡದ್ದು ದೊಡ್ಡ ಕಾರಣ. ಜಾಗತಿಕ ಹಣಕಾಸು ಬಿಕ್ಕಟ್ಟು ಬಂದು ಕೆಡವಿ ಕಟ್ಟುವ ಯೋಜನೆ ಮುಂದಕ್ಕೆ ಹೋಗಿತ್ತು. ಖಾಲಿ ಬೀದಿ ಎಂದರೆ ಒಡೆದ ಗಾಜು, ಗೀಚಿದ ಗೋಡೆ, ಕಾವಲಿನ ಖರ್ಚು, ಊರವರ ಬೈಗುಳ. ಬೇಕೆಂದಾಗ 30 ದಿನದಲ್ಲಿ ಜಾಗ ವಾಪಸು ಸಿಗುವುದಾದರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಒಬ್ಬನೇ ಮಾಲೀಕ ಒಪ್ಪಿದ್ದರಿಂದ ಅಕ್ಕಪಕ್ಕದ ಹಲವು ಮಳಿಗೆಗಳು ಒಟ್ಟಿಗೇ ಸಿಕ್ಕವು. 2009ರ ಆರಂಭದಲ್ಲಿ ಮೊದಲ ಅಂಗಡಿಗಳು ತೆರೆದವು.

ಬಂದವರು ಯಾರು? ಅಡುಗೆಮನೆಯ ಮೇಜಿನ ಮೇಲೆ ಒಡವೆ ಮಾಡುತ್ತಿದ್ದವರು, ಗ್ಯಾರೇಜಿನಲ್ಲಿ ಬಟ್ಟೆಗೆ ಅಚ್ಚು ಹಾಕುತ್ತಿದ್ದವರು, ವಾರಾಂತ್ಯದ ಸಂತೆಯಲ್ಲಿ ಮಾತ್ರ ಮಾರುತ್ತಿದ್ದವರು, ಛಾಯಾಗ್ರಾಹಕರು, ಚಿತ್ರ ಬರೆಯುವವರು, ಕೈಯಚ್ಚಿನ ಪುಸ್ತಿಕೆ ತರುವವರು. ಎಷ್ಟೋ ಮಂದಿಗೆ ಬೇರೆ ಉದ್ಯೋಗವಿತ್ತು. ಅವರು ಎಲ್ಲಿಂದಲೋ ಉದುರಿದವರಲ್ಲ ಎಂಬುದನ್ನು ಒತ್ತಿ ಹೇಳಬೇಕು. ವೆಸ್ಟ್‌ಬರಿ 1998ರಲ್ಲೇ ಇದೇ ಊರಿನಲ್ಲಿ ‘ದಿಸ್ ಈಸ್ ನಾಟ್ ಆರ್ಟ್’ ಎಂಬ ವಾರ್ಷಿಕ ಉತ್ಸವ ಕಟ್ಟಿದ್ದರು. ದೇಶದ ಎಳೆಯ ಬರಹಗಾರರು, ಸಂಗೀತಗಾರರು, ಕಿರುಪತ್ರಿಕೆಯವರು ವರ್ಷಕ್ಕೊಮ್ಮೆ ನ್ಯೂಕ್ಯಾಸಲ್‌ಗೆ ಬಂದು ಸೇರುತ್ತಿದ್ದರು. ಹತ್ತು ವರ್ಷದ ಆ ಪರಿಚಯದ ಬಲ ಹಿಂದೆ ಇತ್ತು. ಈ ಮಾದರಿಯನ್ನು ಬೇರೆ ಊರಿಗೆ ಒಯ್ಯುವವರು ಕರಾರಿನ ನಕಲು ಒಯ್ಯುತ್ತಾರೆ, ಈ ಹತ್ತು ವರ್ಷವನ್ನು ಮರೆಯುತ್ತಾರೆ. ಯಾರನ್ನು ಕರೆಯಬೇಕೆಂದು ಗೊತ್ತಿಲ್ಲದ ಊರಿನಲ್ಲಿ ಬೀಗದ ಕೈ ಸಿಕ್ಕರೂ ಬಾಗಿಲು ತೆರೆಯುವವರು ಇರುವುದಿಲ್ಲ.

ಆಯ್ಕೆಯಲ್ಲೂ ಒಂದು ಜಾಣತನವಿತ್ತು. ಬೀದಿಯಲ್ಲಿ ಬಾಡಿಗೆ ಕೊಟ್ಟು ಕಷ್ಟದಲ್ಲಿ ಉಳಿದಿದ್ದ ಹಳೆಯ ಅಂಗಡಿಯವರಿಗೆ ಪೈಪೋಟಿಯಾಗುವ ವ್ಯಾಪಾರವನ್ನು ಬಿಟ್ಟಿ ಜಾಗದಲ್ಲಿ ಕೂರಿಸಬಾರದು. ಪಕ್ಕದಲ್ಲಿ ಷೂ ಅಂಗಡಿ ಇದ್ದರೆ ಷೂ ಮಾರುವವರಿಗೆ ಜಾಗವಿಲ್ಲ. ಬೇರೆಲ್ಲೂ ಸಿಗದ ವಸ್ತು, ಅದನ್ನು ಮಾಡಿದವರ ಕೈಯಿಂದಲೇ ಸಿಗಬೇಕು. ಇದರಿಂದ ಹಳಬರು ಹೊಸಬರ ಮೇಲೆ ಮುನಿಸಿಕೊಳ್ಳುವ ಕಾರಣ ತಪ್ಪಿತು. ಹೊಸ ಅಂಗಡಿ ನೋಡಲು ಬಂದವರು ಹಳೆಯ ಅಂಗಡಿಯಲ್ಲಿ ಕಾಫಿ ಕುಡಿದರು.

ಸಣ್ಣ ವ್ಯಾಪಾರ ಬೀದಿಗೆ ಏನು ಕೊಡುತ್ತದೆ ಎನ್ನುವುದನ್ನು ಬರೀ ಮಾರಾಟದ ಮೊತ್ತದಲ್ಲಿ ಅಳೆದರೆ ಕೈಗೆ ಹೆಚ್ಚೇನೂ ಹತ್ತದು. ವಾರಕ್ಕೆ ಹತ್ತು ಜೊತೆ ಓಲೆ ಮಾರಿದರೆ ಅದು ಯಾವ ಮಾಲಿನ ಬಾಡಿಗೆಗೂ ಸಾಲದು. ಆದರೆ ಬಾಗಿಲು ತೆರೆದಿರುತ್ತದೆ, ದೀಪ ಉರಿಯುತ್ತಿರುತ್ತದೆ, ಒಳಗೆ ಯಾರೋ ತಲೆ ಬಗ್ಗಿಸಿ ಏನೋ ಮಾಡುತ್ತಿರುತ್ತಾರೆ, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಮೊದಲು ಜನ ಹೆಜ್ಜೆ ಬಿರುಸು ಮಾಡಿ ದಾಟುತ್ತಿದ್ದ ಬೀದಿ ಅದು. ಸಾಯಂಕಾಲ ಬರಲು ಹೆದರುವ ಬೀದಿಯಲ್ಲಿ ಎಂಟು ಹತ್ತು ಬಾಗಿಲು ತೆರೆದಿದ್ದರೆ ಆ ಹೆದರಿಕೆ ಎಷ್ಟು ಬೇಗ ಕರಗುತ್ತದೆ ಎನ್ನುವುದನ್ನು ನಮ್ಮ ಊರುಗಳ ಹೆಂಗಸರನ್ನು ಕೇಳಬೇಕು. ನನ್ನ ಮಟ್ಟಿಗೆ ಈ ಪ್ರಯೋಗದ ದೊಡ್ಡ ಗಳಿಕೆ ಅದು.

2010ರ ಕೊನೆಯಲ್ಲಿ ‘ಲೋನ್ಲಿ ಪ್ಲಾನೆಟ್’ ಪ್ರವಾಸಿ ಪ್ರಕಾಶನ 2011ರಲ್ಲಿ ನೋಡಬೇಕಾದ ಜಗತ್ತಿನ ಹತ್ತು ನಗರಗಳ ಪಟ್ಟಿ ಹೊರಡಿಸಿತು. ಒಂಬತ್ತನೆಯ ಜಾಗದಲ್ಲಿ ನ್ಯೂಕ್ಯಾಸಲ್ ಇತ್ತು. ಖಾಲಿ ಕಟ್ಟಡಗಳಲ್ಲಿ ಕಲಾವಿದರಿಗೆ, ವಸ್ತ್ರವಿನ್ಯಾಸಕರಿಗೆ ಜಾಗ ಕೊಟ್ಟ ರಿನ್ಯೂ ನ್ಯೂಕ್ಯಾಸಲ್‌ನ ಕೆಲಸವನ್ನು ಅದು ಎತ್ತಿ ಹೇಳಿತು. ಉಕ್ಕು, ಭೂಕಂಪ, ಮುಚ್ಚಿದ ಅಂಗಡಿ ಎಂಬ ಮೂರು ಸುದ್ದಿಗೆ ಮಾತ್ರ ಹೆಸರಾಗಿದ್ದ ಊರಿನವರಿಗೆ ಇದು ಎಷ್ಟು ಹಿಗ್ಗು ತಂದಿರಬಹುದು ಎಂದು ಊಹಿಸಬಹುದು.

ಅದರ ಬೆನ್ನಿಗೇ ಒಂದು ಪರೀಕ್ಷೆ ಬಂತು. ಹಳೆಯ ಸ್ಕಾಟ್ಸ್ ಕಟ್ಟಡದಲ್ಲಿದ್ದ ಡೇವಿಡ್ ಜೋನ್ಸ್ ಮಳಿಗೆ 2011ರ ಆರಂಭದಲ್ಲಿ ಹಂಟರ್ ಸ್ಟ್ರೀಟ್ ಬಿಟ್ಟು ಹೋಯಿತು. ಬೀದಿಯಲ್ಲಿ ಉಳಿದಿದ್ದ ಕೊನೆಯ ದೊಡ್ಡ ಮಳಿಗೆ ಅದು. ಹತ್ತು ವರ್ಷ ಮೊದಲಾಗಿದ್ದರೆ ಊರು ಇನ್ನೊಮ್ಮೆ ಸೂತಕ ಆಚರಿಸುತ್ತಿತ್ತು. ಈ ಬಾರಿ ಆ ದೊಡ್ಡ ಮಳಿಗೆಯ ನೆಲಮಹಡಿಯನ್ನು ಪಾಲು ಮಾಡಿ ‘ದಿ ಎಂಪೋರಿಯಂ’ ಎಂದು ಹೆಸರಿಟ್ಟು, ಒಳಗೆ ಪುಟ್ಟ ಪುಟ್ಟ ಅಂಗಡಿ, ಗ್ಯಾಲರಿಗಳನ್ನು ಕೂರಿಸಿದರು. ಒಬ್ಬ ದೊಡ್ಡ ಬಾಡಿಗೆದಾರನನ್ನು ನಂಬಿ ಕೂತ ಬೀದಿಗೂ ಹತ್ತಾರು ಸಣ್ಣವರನ್ನು ನಂಬಿದ ಬೀದಿಗೂ ಇರುವ ವ್ಯತ್ಯಾಸ ಈ ಒಂದೇ ಕಟ್ಟಡದಲ್ಲಿ ಕಾಣುತ್ತದೆ. ದೊಡ್ಡವರು ಹೊರಡುವ ತೀರ್ಮಾನ ಬೇರೆ ಊರಿನ ಕಚೇರಿಯಲ್ಲಿ ಒಂದೇ ಮಧ್ಯಾಹ್ನ ಆಗುತ್ತದೆ. ಹತ್ತು ಸಣ್ಣವರಲ್ಲಿ ಇಬ್ಬರು ಬಿಟ್ಟುಹೋದರೆ ಎಂಟು ಮಂದಿ ಇರುತ್ತಾರೆ, ಹೋದವರ ಜಾಗಕ್ಕೆ ಇನ್ನಿಬ್ಬರು ಕಾದಿರುತ್ತಾರೆ.

ಸೋತವರೂ ಬಹಳ ಮಂದಿ. ಕೆಲವರು ಕೆಲವೇ ತಿಂಗಳಲ್ಲಿ ‘ಇದು ನಮ್ಮ ಕೈಲಾಗದು’ ಎಂದು ಬೀಗ ಒಪ್ಪಿಸಿದರು. ನಾನು ಇದನ್ನು ಆ ಕರಾರಿನ ಗುಣವೆಂದೇ ಎಣಿಸುತ್ತೇನೆ. ಮನೆ ಅಡವಿಟ್ಟು ಐದು ವರ್ಷದ ಲೀಸ್ ಬರೆದು ಸೋತಿದ್ದರೆ ಆ ಸಂಸಾರ ಮುಳುಗುತ್ತಿತ್ತು. ಇಲ್ಲಿ ಸೋತವರು ಹೆಚ್ಚೆಂದರೆ ಬಣ್ಣದ ಡಬ್ಬಿಯ ದುಡ್ಡು ಕಳೆದುಕೊಂಡರು. ಗೆದ್ದವರಲ್ಲಿ ಕೆಲವರು ಮುಂದೆ ಪೂರ್ಣ ಬಾಡಿಗೆಯ ಕರಾರಿಗೆ ಏರಿದರು. ಒಡವೆ ತಯಾರಕರ ‘ಸ್ಟುಡಿಯೋ ಮೆಲ್ಟ್’ ಅಂಥದ್ದೊಂದು.

ಬೀದಿ ಚೇತರಿಸಿಕೊಂಡ ಮೇಲೆ

ಈ ಕತೆಯನ್ನು ಹೇಳುವವರು ಬಹುಪಾಲು ಇಲ್ಲಿಗೆ ನಿಲ್ಲಿಸುತ್ತಾರೆ. ಅಡಿಲೇಡ್‌ನಲ್ಲಿ, ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಇದೇ ಬಗೆಯ ಪ್ರಯತ್ನಗಳಾದವು, ‘ರಿನ್ಯೂ ಆಸ್ಟ್ರೇಲಿಯಾ’ ಎಂಬ ರಾಷ್ಟ್ರಮಟ್ಟದ ಸಂಸ್ಥೆ ಹುಟ್ಟಿತು ಎಂದು ಮುಗಿಸುತ್ತಾರೆ. ಹಂಟರ್ ಸ್ಟ್ರೀಟ್‌ನಲ್ಲೇ ಉಳಿದು ಮುಂದೆ ಆದದ್ದನ್ನು ನೋಡದಿದ್ದರೆ ಅಧ್ಯಯನ ಅರ್ಧ.

ಬೀದಿಗೆ ಜೀವ ಬಂದಂತೆ ಸರ್ಕಾರದ ಮತ್ತು ದೊಡ್ಡ ಬಂಡವಾಳದ ಕಣ್ಣೂ ಅತ್ತ ಹೊರಳಿತು. 2014ರ ಡಿಸೆಂಬರ್ ಕೊನೆಗೆ ನಡುಪೇಟೆಯವರೆಗೆ ಬರುತ್ತಿದ್ದ ರೈಲನ್ನು ನಿಲ್ಲಿಸಿದರು. ಅದರ ಬದಲಿಗೆ 2.7 ಕಿಲೋಮೀಟರಿನ ಲಘು ರೈಲು 2019ರ ಫೆಬ್ರವರಿಯಲ್ಲಿ ಓಡಿತು. ನಡುವೆ 2017ರಿಂದ ಹಂಟರ್ ಸ್ಟ್ರೀಟನ್ನೇ ಅಗೆದು ಹಳಿ ಹಾಕುವ ಕೆಲಸ ನಡೆಯಿತು. ಬೇಲಿ, ಧೂಳು, ಕಾರು ನಿಲ್ಲಿಸಲು ಜಾಗವಿಲ್ಲದ ಆ ಕಾಲದಲ್ಲಿ ವ್ಯಾಪಾರ ಕುಸಿಯಿತೆಂದು ಅಂಗಡಿಯವರು ಗೋಳಿಟ್ಟರು, ಕೆಲವರು ಮುಚ್ಚಿದರು. ಮೆಟ್ರೋ ಕಾಮಗಾರಿಯ ಬೇಲಿಯ ಹಿಂದೆ ವರ್ಷಗಟ್ಟಲೆ ಅಂಗಡಿ ನಡೆಸಿದ ಬೆಂಗಳೂರಿನವರಿಗೆ ಆ ಗೋಳು ಅರ್ಥವಾಗುತ್ತದೆ. ದೊಡ್ಡ ಕಂಪನಿ ಎರಡು ವರ್ಷ ನಷ್ಟ ತಡೆದುಕೊಳ್ಳುತ್ತದೆ, ಒಂಟಿ ಅಂಗಡಿಯವನಿಗೆ ಎರಡು ತಿಂಗಳೂ ಹೆಚ್ಚೇ. ಸಣ್ಣವರ ಮೇಲೆ ನಿಂತ ಬೀದಿಯಲ್ಲಿ ಕಾಮಗಾರಿ ಮಾಡುವಾಗ ಅವರನ್ನು ಆ ಅವಧಿ ದಾಟಿಸುವ ಹಣವನ್ನೂ ಅಂದಾಜುಪಟ್ಟಿಯಲ್ಲೇ ಬರೆಯಬೇಕು. ಅದನ್ನು ಪರಿಹಾರದ ಹಂಗಿಗೆ ಬಿಡಬಾರದು.

ಹಂಟರ್ ಸ್ಟ್ರೀಟ್ ಮಾಲಿನ ಕಟ್ಟಡಗಳು ಜಿಪಿಟಿಯ ಕೈಯಿಂದ ಹಂತಹಂತವಾಗಿ ದಾಟಿ ಐರಿಸ್ ಕ್ಯಾಪಿಟಲ್ ಎಂಬ ಕಂಪನಿಯ ಕೈ ಸೇರಿದವು. ಅಲ್ಲಿ ಈಗ ‘ಈಸ್ಟ್ ಎಂಡ್’ ಹೆಸರಿನ ಅಪಾರ್ಟ್‌ಮೆಂಟುಗಳು, ಹೊಸ ಮಳಿಗೆಗಳು. ಎಂಪೋರಿಯಂ ಇದ್ದ ಹಳೆಯ ಡೇವಿಡ್ ಜೋನ್ಸ್ ಕಟ್ಟಡ 2022ರಲ್ಲಿ ಕ್ಯೂಟಿ ಹೋಟೆಲ್ ಆಗಿ ತೆರೆಯಿತು. ಕೆಲಸ ಶುರುವಾಗುವ ಮುನ್ನ, ಒಪ್ಪಂದದಂತೆ, ಪುಟ್ಟ ಅಂಗಡಿಗಳು ತೆರವಾಗಬೇಕಾಯಿತು. ಖಾಲಿ ಕಟ್ಟಡಗಳೇ ಕಡಿಮೆಯಾದ ಮೇಲೆ ರಿನ್ಯೂ ನ್ಯೂಕ್ಯಾಸಲ್‌ಗೂ ಕೆಲಸ ಕಡಿಮೆಯಾಯಿತು; ಹತ್ತು ವರ್ಷ ನಡೆದು 2019ರಲ್ಲಿ ಆ ಸಂಸ್ಥೆ ಮುಚ್ಚಿತು.

ಇದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ? ಕಲಾವಿದರನ್ನು ಬಿಟ್ಟಿ ಕಾವಲುಗಾರರಂತೆ ಕೂರಿಸಿ, ಅವರ ದುಡಿಮೆಯಿಂದ ಬೀದಿಗೆ ಬೆಲೆ ಬರಿಸಿ, ಕೊನೆಗೆ ಆ ಬೆಲೆಯನ್ನು ಮಾಲೀಕರು ಜೇಬಿಗಿಳಿಸಿದರು ಎಂಬ ಟೀಕೆ ಇಂಥ ಪ್ರಯೋಗಗಳ ಮೇಲೆ ಯಾವಾಗಲೂ ಇದೆ. ಆ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ಒಪ್ಪದ ಅರ್ಧ ಯಾವುದೆಂದರೆ, ಇಲ್ಲಿ ಕೂತಿದ್ದವರನ್ನು ಎಬ್ಬಿಸಿ ಯಾರನ್ನೂ ಕೂರಿಸಲಿಲ್ಲ; ತೆರೆದದ್ದೆಲ್ಲ ಖಾಲಿ ಜಾಗವೇ. 30 ದಿನದ ಮಾತು ಮೊದಲ ದಿನವೇ ಕಾಗದದಲ್ಲಿ ಇತ್ತು, ಯಾರಿಗೂ ಮೋಸವಾಗಲಿಲ್ಲ. ಆ ಕಾಗದ ಇಲ್ಲದಿದ್ದರೆ ಜಾಗವೇ ಸಿಗುತ್ತಿರಲಿಲ್ಲ.

ಒಪ್ಪುವ ಅರ್ಧ ಇದು. 30 ದಿನದ ಕರಾರು ಶುರುಮಾಡುವುದಕ್ಕೆ ಹೇಳಿ ಮಾಡಿಸಿದ್ದು, ಬೆಳೆಯುವುದಕ್ಕೆ ಅಲ್ಲ. ಮೂರು ವರ್ಷ ಬಾಗಿಲು ತೆರೆದು, ಗಿರಾಕಿಗಳನ್ನು ಸಂಪಾದಿಸಿ, ಬೀದಿಗೆ ಹೆಸರು ತಂದವರಿಗೂ ನಿನ್ನೆ ಬಂದವರಿಗೂ ಒಂದೇ 30 ದಿನ. ಮೊದಲ ಮೆಟ್ಟಿಲು ಇತ್ತು, ಮೇಲಿನ ಮಹಡಿಯಲ್ಲಿ ಪೂರ್ಣ ಬಾಡಿಗೆಯ ಲೀಸ್ ಇತ್ತು, ನಡುವಿನ ಮೆಟ್ಟಿಲುಗಳು ಇರಲಿಲ್ಲ. ಉದಾಹರಣೆಗೆ, ಒಂದು ವರ್ಷ ದಾಟಿದವರಿಗೆ ವಹಿವಾಟಿನ ಇಷ್ಟು ಪಾಲು ಬಾಡಿಗೆ ಎಂಬ ಕರಾರು. ಮೂರು ವರ್ಷ ದಾಟಿದವರಿಗೆ, ಮುಂದೆ ಅಲ್ಲಿ ಏನೇ ಕಟ್ಟಿದರೂ ಬೀದಿಮಟ್ಟದ ಕೆಲವು ಮಳಿಗೆಗಳಲ್ಲಿ ಮೊದಲ ಹಕ್ಕು. ಹೊಸ ಕಟ್ಟಡಕ್ಕೆ ನಗರಸಭೆ ಅನುಮತಿ ಕೊಡುವಾಗಲೇ ಇಂಥ ಷರತ್ತು ಹಾಕಬಹುದು. ಸಂಸ್ಥೆಯ ಒಳ್ಳೆಯತನಕ್ಕೋ ಮಾಲೀಕನ ಮನಸ್ಸಿಗೋ ಅದನ್ನು ಬಿಟ್ಟರೆ ಆಗದು.

ನಮ್ಮ ಊರುಗಳಲ್ಲಿ ಇದನ್ನು ಮಾಡಿ ನೋಡಲು ಖಾಸಗಿ ಮಾಲೀಕರ ಕಾಲು ಹಿಡಿಯಬೇಕಾದ್ದೂ ಇಲ್ಲ. ನಗರಪಾಲಿಕೆ, ಪುರಸಭೆಗಳೇ ಕಟ್ಟಿಸಿದ ವಾಣಿಜ್ಯ ಸಂಕೀರ್ಣಗಳ ಮೇಲಿನ ಮಹಡಿಗಳಲ್ಲಿ ಧೂಳು ತಿನ್ನುವ ಮಳಿಗೆಗಳನ್ನು ಯಾವ ಜಿಲ್ಲಾ ಕೇಂದ್ರದಲ್ಲಾದರೂ ನೋಡಬಹುದು. ಹರಾಜಿಗೆ ಬಂದು ಬಿಡ್ ಕೂಗಲು, ಠೇವಣಿ ಕಟ್ಟಲು ಆಗದ ದರ್ಜಿ, ಗೊಂಬೆ ಮಾಡುವವರು, ಹಳೆ ಪುಸ್ತಕ ಮಾರುವವರು ಅದೇ ಕಟ್ಟಡದ ಮುಂದಿನ ಫುಟ್‌ಪಾತಿನ ಮೇಲೆ ಕೂತಿರುತ್ತಾರೆ. ಅಲ್ಲಿ ಮಾಲೀಕ ಸಾರ್ವಜನಿಕ ಸಂಸ್ಥೆಯೇ ಆದ್ದರಿಂದ ಬೇಕಾದ ನಡುವಿನ ಮೆಟ್ಟಿಲುಗಳನ್ನೆಲ್ಲ ಕರಾರಿನಲ್ಲಿ ಮೊದಲೇ ಬರೆಯಲು ಅಡ್ಡಿಯಿರಬಾರದು: ಮೊದಲ ಮೂರು ತಿಂಗಳು ಠೇವಣಿಯಿಲ್ಲದ ಲೈಸೆನ್ಸ್, ನಡೆದರೆ ಒಂದು ವರ್ಷ, ಆಮೇಲೆ ನೋಂದಾಯಿತ ಲೀಸ್. ಹರಾಜಿನ ನಿಯಮ ತಿದ್ದದೆ ಇದು ಆಗುವುದಿಲ್ಲ, ತಿದ್ದುವ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ. ಯಾವ ಮಹಡಿಯ ಯಾವ ಮಳಿಗೆ ಎಷ್ಟು ವರ್ಷದಿಂದ ಖಾಲಿ ಇದೆ ಎಂದು ವೆಸ್ಟ್‌ಬರಿಯವರಂತೆ ಯಾರಾದರೂ ಒಮ್ಮೆ ನಡೆದು ಎಣಿಸಿ, ಪಟ್ಟಿ ಮಾಡಿ, ಅದನ್ನು ಪಾಲಿಕೆಯ ಸಭೆಯ ಮೇಜಿನ ಮೇಲೆ ಇಡಬೇಕಾಗಿದೆ.